ಹೊರಗಿನಿಂದ ನೀರು ಹೊಯ್ದವನು

“ಗುರುಗಳೇ, ಶೇಷಗಿರಿಯ ತಪ್ಪುಗಳನ್ನೆಲ್ಲ ನಾನು ದಿನವೂ ತೋರಿಸಿಕೊಡುತ್ತಿದ್ದೇನೆ. ಆದರೂ ಸಂಜೆಯ ಪಾರಾಯಣವನ್ನು ನನ್ನಿಂದ ತೆಗೆದು ಅವನಿಗೇ ಏಕೆ ಕೊಟ್ಟಿರಿ?” ಎಂದು ಪುಂಡಲೀಕ ಕೇಳಿದ.

ಪುಂಡಲೀಕ ಮಠದ ಹಳೆಯ ಶಿಷ್ಯ. ಶೇಷಗಿರಿ ನಿನ್ನೆ ಮೊನ್ನೆ ಬಂದವನು. ಅವನ ಹೆಸರು ಹೇಳುವಾಗಲೇ ಪುಂಡಲೀಕನ ಎದೆ ಉರಿಯುತ್ತಿತ್ತು. ಗುರುಗಳು ಅವನಿಗೆ ಕೂರುವಂತೆ ಸನ್ನೆ ಮಾಡಿ ಕತೆ ಶುರುಮಾಡಿದರು.

ಕಡಲ ದಂಡೆಯಲ್ಲಿ ಒಬ್ಬ ಬಡಗಿ ಇದ್ದ. ಒಂದು ಹಳೆಯ ಹಾಯಿಹಡಗಿನ ಮರಗೆಲಸವೆಲ್ಲ ಅವನದೇ. ಯಾತ್ರೆಗೂ ಅದರಲ್ಲೇ ಹೋಗುತ್ತಿದ್ದ. ಹಡಗು ಅದನ್ನು ನಡೆಸುವ ತಂಡೇಲನದು. ಆದರೆ ಬಡಗಿ ಊರೆಲ್ಲ ‘ನನ್ನ ಹಡಗು’ ಎಂದೇ ಹೇಳಿಕೊಂಡು ತಿರುಗುತ್ತಿದ್ದ.

ಒಂದು ವರ್ಷ ಹಡಗಿನ ಕೋಣೆಯ ಗಾಜಿನ ಕಿಟಕಿಗಳು ಎರಡೂ ಬದಿಯಲ್ಲಿ ಸೋರತೊಡಗಿದವು. ಯಾತ್ರೆಯ ಕಾಲ ಹತ್ತಿರ ಬಂದಿತ್ತು. ತಂಡೇಲನಿಗೆ ಅವಸರ. ಅವನು ಬೇರೆ ಊರಿನಿಂದ ಇನ್ನೊಬ್ಬ ಬಡಗಿಯನ್ನು ಕರೆಸಿ, ಎಡಬದಿ ಹಳಬನಿಗೆ, ಬಲಬದಿ ಹೊಸಬನಿಗೆ ಎಂದು ಹಂಚಿದ. ಹಡಗಿನಲ್ಲಿ ಒಬ್ಬ ಬಡಗಿಗಷ್ಟೇ ಜಾಗ, ಯಾರ ಬದಿ ಸೋರುವುದಿಲ್ಲವೋ ಅವನು ಬರಲಿ ಎಂದೂ ಹೇಳಿಬಿಟ್ಟ. ಹಳಬನ ಹೊಟ್ಟೆಗೆ ಬೆಂಕಿ ಬಿತ್ತು.

ಕಿಟಕಿಯ ಕೆಲಸ ಕಷ್ಟದ್ದೇನಲ್ಲ, ನಾಜೂಕಿನದು. ಚೌಕಟ್ಟು ಬಿಚ್ಚಿ, ಒಣಗಿ ಕಲ್ಲಾದ ಹಳೆಯ ರಾಳವನ್ನು ಚೂರೂ ಬಿಡದೆ ಕೆರೆಯಬೇಕು. ಹಳೆಯದರ ಮೇಲೆ ಹೊಸದು ಹಿಡಿಯುವುದಿಲ್ಲ. ಎಣ್ಣೆ, ಸುಣ್ಣ ಸೇರಿಸಿ ಅರೆದ ಹೊಸ ರಾಳ ಮೆತ್ತಿ ಗಾಜು ಕೂರಿಸಬೇಕು. ತಿರುಪುಮೊಳೆಗಳನ್ನು ಹದವಾಗಿ ಬಿಗಿಯಬೇಕು. ಅತಿಯಾದರೆ ರಾಳವೆಲ್ಲ ಹೊರಗೆ ಬಂದು ಸಂದಿ ಬರಿದಾಗುತ್ತದೆ. ರಾಳ ಗಟ್ಟಿಯಾದ ಮೇಲೆ ನೀರು ಹೊಯ್ದು ನೋಡಬೇಕು. ಅದು ಒಬ್ಬನಿಂದ ಆಗುವುದಲ್ಲ. ಹೊರಗೊಬ್ಬ ಹೊಯ್ಯಬೇಕು, ಒಳಗೊಬ್ಬ ಸಂದಿಗೆ ಕೈಯಿಟ್ಟು ಕೂರಬೇಕು.

ಹೊಸಬನ ಕಿಟಕಿಗಳಿಗೆ ಹೊಯ್ಯಲು ಹಳಬ ತಾನಾಗಿಯೇ ಕೊಡ ಎತ್ತಿಕೊಂಡ. ಅಷ್ಟು ಹುರುಪಿನಿಂದ ಅವನು ಸ್ವಂತ ಮಗಳ ಮದುವೆಯಲ್ಲೂ ಓಡಾಡಿರಲಿಲ್ಲ. ಮೇಲಿನಿಂದ ಸುರಿದ, ಕೆಳಗಿನಿಂದ ಎರಚಿದ, ಮೂಲೆಮೂಲೆಗೂ ಗುರಿಯಿಟ್ಟು ಹೊಡೆದ. ಒಂದು ಮೂಲೆ ಸೋರಿತು. ಹಳಬ ದಂಡೆಗೆಲ್ಲ ಕೇಳುವಂತೆ ನಕ್ಕ. ಹೊಸಬ ಚೌಕಟ್ಟು ಬಿಚ್ಚಿ ನೋಡಿದರೆ ಅಲ್ಲಿ ಹಳೆಯ ರಾಳದ ಚೂರು ಉಳಿದಿತ್ತು. ಅದನ್ನು ಕೆರೆದು ಮತ್ತೆ ಕೂರಿಸಿದ. ಅದು ಗಟ್ಟಿಯಾಗುವುದನ್ನೇ ಕಾದಿದ್ದ ಹಳಬ ಯಾರೂ ಕರೆಯದೆ ಕೊಡ ಹಿಡಿದು ಬಂದ. ಈ ಸಲ ಇನ್ನೊಂದು ಕಡೆ ಹನಿಯಿತು. ಅಲ್ಲಿ ಮೊಳೆ ಅತಿಯಾಗಿ ಬಿಗಿದಿತ್ತು. ಹೊಸಬ ಅದನ್ನೂ ಸರಿಮಾಡಿದ. ಕೊನೆಗೆ ಎಷ್ಟು ಹೊಯ್ದರೂ ಒಂದು ಹನಿ ಒಳಗೆ ಬರಲಿಲ್ಲ. ಅಂದು ಹಳಬನಿಗೆ ಅನ್ನ ಸೇರಲಿಲ್ಲ.

“ಅಣ್ಣಾ, ನಿಮ್ಮ ಬದಿಗೆ ನಾ ನೀರು ಹೊಯ್ಲಾ?” ಎಂದು ಹೊಸಬ ಕೇಳಿದ.

“ನಾ ಕೂರ್ಸಿದ ಕಿಟಕಿಗೆ ನೀ ನೀರು ಹೊಯ್ಯೂದಾ? ಈ ಹಡಗಿನ ಒಂದೊಂದ್ ಹಲಗೆನೂ ನಾ ಹೊಡ್ದದ್ದು. ಹೋಗ್, ನಿನ್ ಕೆಲ್ಸ ನೋಡ್ಕೋ” ಎಂದು ಹಳಬ ಗದರಿದ.

ಯಾತ್ರೆಗೆ ಮುಂಚೆ ಒಮ್ಮೆ ಪರೀಕ್ಷಿಸಿ ನೋಡಲು ತಂಡೇಲ ಇಬ್ಬರನ್ನೂ ಹತ್ತಿಸಿಕೊಂಡು ಹಾಯಿ ಬಿಚ್ಚಿದ. ಗಾಳಿಗೆ ಹಡಗು ಬಲಕ್ಕೆ ವಾಲಿತು. ಅಲೆಗಳು ಹೊಸಬನ ಕಿಟಕಿಗಳ ಮೇಲೆ ಉರುಳಿದವು. ಹಳಬ ತಾನೇ ಹೋಗಿ ಸಂದಿಗೆ ಕೈಯಿಟ್ಟ. ಕೈ ಒದ್ದೆಯಾಗಲಿಲ್ಲ. ಒಂದೇ ಒಂದು ಹನಿ ಒಳಗೆ ಬರಲಪ್ಪಾ ಎಂದು ಅವನು ದೇವರಿಗೆ ಹರಕೆಯನ್ನೂ ಹೊತ್ತ. ಅಷ್ಟರಲ್ಲಿ ತಂಡೇಲ ಹಾಯಿ ತಿರುಗಿಸಿದ. ಹಡಗು ಎಡಕ್ಕೆ ವಾಲಿತು. ಹರಕೆ ಫಲಿಸಿತು, ಅವನದೇ ಬದಿಯಲ್ಲಿ. ತಂಡೇಲನ ಹಾಸಿಗೆ, ಅಕ್ಕಿಮೂಟೆ ಎಲ್ಲ ತೊಯ್ದುಹೋದವು. ಬಿಚ್ಚಿ ನೋಡಿದಾಗ, ಹೊಸಬನಲ್ಲಿ ಅವನು ಹುಡುಕಿ ತೆಗೆದ ತಪ್ಪುಗಳೆಲ್ಲ ಅವನ ಕಿಟಕಿಗಳಲ್ಲೂ ಇದ್ದವು.

ದಂಡೆಗೆ ಮರಳಿದ ಹಡಗು ಅವನನ್ನು ಅಲ್ಲೇ ಬಿಟ್ಟು ಯಾತ್ರೆಗೆ ಹೊರಟಿತು. ಅದು ಕಣ್ಮರೆಯಾಗುವವರೆಗೆ ಅವನು ದಂಡೆಯ ಮೇಲೆ ನಿಂತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಪುಂಡಲೀಕನಿಗೆ ಹಳೆಯ ಬಡಗಿಯ ಮೇಲೆ ಮರುಕ ಹುಟ್ಟಿತ್ತು. ಆದರೆ ಮನಸ್ಸು ಅಲ್ಲಿ ನಿಲ್ಲದೆ ಇನ್ನೊಬ್ಬನ ಕಡೆಗೇ ಎಳೆಯುತ್ತಿತ್ತು.

“ಆ ಹೊಸ ಬಡಗಿ ನಿಜವಾಗಿ ಅಷ್ಟು ಒಳ್ಳೆಯ ಕೆಲಸಗಾರನೇ, ಗುರುಗಳೇ?” ಎಂದು ಕೇಳಿದ.

“ಹಾಗೇನಿಲ್ಲ, ಪುಂಡಲೀಕ, ಅವನಿಗೆ ನಿನ್ನಂಥವನೊಬ್ಬ ಸಿಕ್ಕಿದ್ದ, ಅಷ್ಟೇ.”