ಬೇಲಿ ಬಿಟ್ಟ ದಾರಿ

ಬೇಟೆಯ ಕಾಲಕ್ಕೆ ಇನ್ನೊಂದು ತಿಂಗಳಿದ್ದಾಗ ಇದು ನಡೆಯಿತು. ಜಮೀನಿನ ಒಡೆಯ ಮುಳ್ಳುತಂತಿಯ ಬೇಲಿಯನ್ನು ಒಂದು ಕಡೆ ಬಿಚ್ಚಿ ದಾರಿ ಬಿಟ್ಟ. ಒಳಗೆ ಅಲಸಂದೆ ಬಿತ್ತಿ ಉಪ್ಪಿನ ಗಡ್ಡೆ ಇಟ್ಟ. ದಾರಿಯ ಪಕ್ಕದ ಮರದ ಮೇಲೆ ಅಟ್ಟಣೆ ಕಟ್ಟಿದ. ಬಿಳಿಬಾಲದ ಜಿಂಕೆಯೊಂದು ತನ್ನ ಮರಿಯೊಡನೆ ದಿನವೂ ಆ ದಾರಿಯಲ್ಲೇ ಬಂದು ಮೇಯತೊಡಗಿತು.

ಬೇಲಿಗೆ ಸಂಕಟವಾಯಿತು. "ತಾಯಿ, ನಿಮ್ಮ ಹಿರಿಯರು ನನ್ನನ್ನು ಹಾರಿಯೇ ಬರುತ್ತಿದ್ದರು. ಮರಿಗೂ ಹಾರುವುದನ್ನು ಕಲಿಸಿ," ಎಂದಿತು.

"ನಿನ್ನ ಮುಳ್ಳಿಗೆ ನಮ್ಮ ತೊಗಲು ಸಿಗಲಿಲ್ಲವೆಂಬ ಹೊಟ್ಟೆಕಿಚ್ಚೇ?" ಜಿಂಕೆ ನಕ್ಕಿತು. "ಒಡೆಯನೇ ದಾರಿ ಬಿಟ್ಟಿರುವಾಗ ಕಾಲು ನೋಯಿಸಿಕೊಳ್ಳುವುದು ಏಕಯ್ಯಾ?"

"ನಾನು ಕಿತ್ತದ್ದು ನಾಲ್ಕು ಕೂದಲನ್ನು ಮಾತ್ರ, ತಾಯಿ. ಯಾರನ್ನೂ ಕೊಂದವನಲ್ಲ."

"ಮುಳ್ಳಿನ ಬಾಯಲ್ಲಿ ಬುದ್ಧಿಮಾತು ಬೇರೆ!" ಎಂದು ಜಿಂಕೆ ಮರಿಯನ್ನು ಕರೆದುಕೊಂಡು ಉಪ್ಪಿನ ಕಡೆ ನಡೆಯಿತು.

ಬೇಟೆಯ ಮೊದಲ ಬೆಳಿಗ್ಗೆ ಅಟ್ಟಣೆಯಿಂದ ಗುಂಡು ಹಾರಿತು. ತಾಯಿ ಉಪ್ಪಿನ ಬಳಿಯೇ ಬಿದ್ದಿತು. ದಾರಿಯ ಕಡೆ ಬಂದೂಕು ಇದ್ದುದರಿಂದ ಮರಿ ತಿರುಗಿ ಬೇಲಿಯತ್ತ ಓಡಿಬಂತು.

"ಹಾರು ಮಗೂ, ಹಾರು," ಎಂದು ಬೇಲಿ ಅಂಗಲಾಚಿತು.

"ಹೇಗೆ?" ಎಂದಿತು ಮರಿ.

ಎರಡನೆಯ ಗುಂಡು ಹಾರಿತು.

ಬೇಲಿಯ ಎತ್ತರ ಮೂರೂವರೆ ಅಡಿ.