ಬೇಡ ಅಂದವರ ಎಲೆ

ಹೂಂ ಅನ್ನೋರು ಹತ್ತಿರ ಕೂತ್ಕೊಳ್ಳಿ. ಹೂಂ ಅನ್ನದಿದ್ರೆ ನಾನು ಮುಂದೆ ಹೇಳೋಳಲ್ಲ, ಈಗಲೇ ಹೇಳಿಬಿಟ್ಟಿದ್ದೀನಿ.

ತುರುವೇಕೆರೆಯಲ್ಲಿ ಸಾವಂತ್ರಮ್ಮ ಅಂತ ಒಬ್ಬಳಿದ್ದಳು. ಮದುವೆ ಅಡುಗೆ ಮಾಡೋ ಮೂವತ್ತೆರಡು ಜನರ ತಂಡಕ್ಕೆ ಅವಳೇ ಹಿರಿಯಳು. ಅವಳಿಗೊಬ್ಬ ಮಗ, ಚೆಲ್ವ. ಕಂಪ್ಯೂಟರ್ ಮುಂದೆ ಕೂತರೆ ಬೆರಳು ಕುಣಿಯೋದು. ಆದರೆ ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ. "ಹಾಲು ನೋಡ್ತಿರೋ ಅಂದ್ರೆ, ಉಕ್ಕಿ ಒಲೆ ಆರೋಗಂಟ ನೋಡ್ತಾನೇ ನಿಂತಿದ್ದ ಕಣವ್ವ!" ಅಂತ ತಾಯಿ ಹಣೆ ಚಚ್ಚಿಕೊಳ್ಳೋಳು.

ತಂಡದ ಯಜಮಾನ ದ್ಯಾವೀರಪ್ಪನವರದು ಒಂದು ಸ್ವಂತ ಆಪ್ ಇತ್ತು. ಯಾವ ಮದುವೆ, ಯಾವ ಛತ್ರ, ಎಷ್ಟು ಜನ, ಎಲ್ಲ ಅದರಲ್ಲೇ. ಮಾತು ಮಾತ್ರ ಇರಲಿಲ್ಲ. "ಆಫೀಸಿನೋರು ಮೆಸೇಜಿಗೆ, ಫೋನಿಗೆ ಅಂತ ಇಟ್ಕೊಳ್ಳೋ ಸಾಫ್ಟ್‌ವೇರ್ ರೆಡಿ ಸಿಗುತ್ತಂತೆ. ಅದನ್ನ ತಂದು ನಮ್ಮ ಆಪ್‌ಗೆ ಜೋಡಿಸೋರು ಯಾರಾದ್ರೂ ಇದಾರಾ?" ಅಂದರು.

"ನನ್ನ ಮಗ ಜೋಡಿಸ್ತಾನೆ ಯಜಮಾನ್ರೇ! ಅವನು ಕೆಡಿಸಿದ್ರೆ ನಾನು ಸೌಟು ಕೆಳಗಿಟ್ಟು ಮನೆಗೆ ಹೋಗ್ತೀನಿ!" ಅಂದುಬಿಟ್ಟಳು ಸಾವಂತ್ರಮ್ಮ. ಇಪ್ಪತ್ತು ವರ್ಷ ಹಿಡಿದ ಸೌಟು!

ಮನೆಗೆ ಬಂದು ಮಗನಿಗೆ ಬುದ್ಧಿ ಹೇಳಿದಳು. "ಲೋ ಚೆಲ್ವ, ಪಂಕ್ತಿ ಮರ್ಯಾದೆ ಇರ್ಬೇಕು ಕಣ್ಲಾ. ಎಲ್ಲಾರ ಎಲೆಗೂ ಬಿದ್ಮೇಲೇ ಕೈ ಇಡೋದು."

"ಆಯ್ತಮ್ಮ!"

ಜೋಡಿಸಿದ. ಮೂವತ್ತೆರಡು ಫೋನಿಗೂ ತಲುಪೋ ತನಕ ಒಂದು ಫೋನಲ್ಲೂ ಮೆಸೇಜು ತೆರೆಯದ ಹಾಗೆ ಜೋಡಿಸಿದ! "ಛತ್ರ ಬದಲಾಗಿದೆ" ಅಂತ ಯಜಮಾನರು ಮೆಸೇಜು ಹಾಕಿದರು. ಪಾತ್ರೆ ತೊಳೆಯೋ ನಿಂಗಜ್ಜಿ ಫೋನು ಸತ್ತು ಬಿದ್ದಿತ್ತು. ಉಳಿದ ಮೂವತ್ತೊಂದು ಜನ ಒತ್ತಿದರು, ಉಜ್ಜಿದರು, ತೆರೀಲಿಲ್ಲ. ಹಳೇ ಛತ್ರಕ್ಕೇ ಹೋಗಿ ಯಾರದೋ ಮದುವೆಗೆ ಕುಂಬಳಕಾಯಿ ಹೆಚ್ಚಿಟ್ಟು ಬಂದರು.

"ಯಾವ ಎಲೆಗೂ ಕಾಯಬೇಡ ಕಣಯ್ಯ! ಒಬ್ಬೊಬ್ಬರನ್ನೂ ಕೇಳಿ ಬಡಿಸು!" ಅಂತ ಯಜಮಾನರು ಕೂಗಾಡಿದರು.

"ಕೇಳಿ ಸುಮ್ನಾಗ್ಬೇಡ," ಅಂತ ತಾಯಿ ಸೇರಿಸಿದಳು. "ನಾಚ್ಕೆಗೆ ಬೇಡ ಅಂತಾರೆ. ಮೂರು ಸಲ ಬಲವಂತ ಮಾಡಿ, ಹಾಕೇಬಿಡ್ಬೇಕು!"

"ಆಯ್ತಮ್ಮ!"

ಯಜಮಾನರು ದೊಡ್ಡ ಮನೆಯೊಂದರಲ್ಲಿ ಮದುವೆ ಅಡುಗೆ ಮಾತಾಡ್ತಾ ಕೂತಿದ್ದರು. ಆಪ್‌ನಲ್ಲಿ ಫೋನು ಬಂತು. ಕಟ್ ಮಾಡಿದರು. "ಸಂಕೋಚ ಪಡಬೇಡಿ" ಅಂತ ಮತ್ತೆ ಬಂತು. ಕಟ್ ಮಾಡಿದರು. "ನಮ್ಮ ಮಾತಿಗಾದ್ರೂ" ಅಂತ ಮತ್ತೆ ಬಂತು. ಕಟ್ ಮಾಡಿದರು. ಆಮೇಲೆ ತಾನಾಗೇ ತೆರೆದು, ಉಗ್ರಾಣದವನ ದನಿ ಹಜಾರಕ್ಕೆಲ್ಲ ಕೇಳಿತು: "ಯಜಮಾನ್ರೇ! ಬಾಡಿದ ಬದನೆಕಾಯಿ ಸಾಂಬಾರಿಗೆ ನಡೀತದೆ ಅಂದಿದ್ರಲ್ಲ, ಇಳಿಸ್ಲಾ?"

ಪಾಪ, ಯಜಮಾನರ ಮುಖ ಬದನೆಕಾಯಿಗಿಂತ ಬಾಡಿತು.

"ಬೇಡ ಅಂದ್ರೆ ಬೇಡ! ಬೇಡ ಅಂದವರ ಎಲೆ ಎತ್ತಿಬಿಡು! ಇನ್ನೊಂದು ತಪ್ಪಾಗ್ಲಿ, ನಿಮ್ಮಮ್ಮ ಸೌಟು ಇಡ್ಲಿ!"

ಸಾವಂತ್ರಮ್ಮ ಆವತ್ತು ಊಟ ಮಾಡಲಿಲ್ಲ. ಚೆಲ್ವ ಮಾತ್ರ "ಆಯ್ತು ಯಜಮಾನ್ರೇ" ಅಂದು ಕೆಲಸಕ್ಕೆ ಕೂತ.

ಮುಂದಿನ ಮದುವೆಗೆ ಎರಡು ಸಾವಿರ ಜನ. ಬೆಳಿಗ್ಗೆ ಯಜಮಾನರು "ಯಾರಿಗಾದ್ರೂ ಏನಾದ್ರೂ ಬೇಕಾ?" ಅಂತ ಆಪ್‌ನಲ್ಲಿ ಎಲ್ಲರನ್ನೂ ಕೇಳಿದರು. ಮೂವತ್ತೊಂದು ಜನ "ಬೇಡ" ಅಂತ ಬರೆದರು. ಆಪ್ ಮೂವತ್ತೊಂದು ಜನರನ್ನೂ ಎತ್ತಿ ಆಚೆ ಹಾಕಿತು! ಸಾವಂತ್ರಮ್ಮನ ಕೈ ಹೋಳಿಗೆ ಕಣಕದಲ್ಲಿತ್ತು, ಅವಳು ಏನೂ ಬರೆಯಲಿಲ್ಲ. ಹಾಗಾಗಿ ಅವಳೊಬ್ಬಳು ಉಳಿದಳು.

ಮಧ್ಯಾಹ್ನ ಗಂಡಿನ ಕಡೆಯವರು ಮುನ್ನೂರು ಜನ ಹೆಚ್ಚಿಗೆ ಬಂದಿಳಿದರು. ಯಜಮಾನರು ಬೆವೆತು, ಇಡೀ ತಂಡಕ್ಕೆ ಒಟ್ಟಿಗೆ ಫೋನು ಮಾಡಿದರು. ಒಂದೇ ಫೋನು ಬಡಿದುಕೊಂಡಿತು. ಸಾವಂತ್ರಮ್ಮ ಮೊಣಕೈಯಲ್ಲಿ ಒತ್ತಿ ಕೇಳಿದಳು. ಎಲ್ಲರಿಗೂ ಹೋಗಿದ್ದರೆ ಮೂವತ್ತೆರಡು ಬಾಯಿ, ಮೂವತ್ತೆರಡು ಗಾಬರಿ, ಅನ್ನ ಸೀದು, ಸಾರು ಚೆಲ್ಲಿ! ಅವಳು ಯಾರಿಗೂ ದಿಗಿಲು ಹಿಡಿಸದೆ, ಇವಳಿಗೆ ಅಕ್ಕಿ ಅಂದಳು, ಅವಳಿಗೆ ಬೇಳೆ ಅಂದಳು. ಮುನ್ನೂರು ಜನವೂ ತೇಗಿ ಎದ್ದರು.

ಯಜಮಾನರ ಕಣ್ಣು ಒದ್ದೆಯಾಯಿತು. "ನನ್ನ ಮಾನ ಉಳಿಸಿದೆ ತಾಯಿ! ಚೆಲ್ವ, ಎಲ್ಲರನ್ನೂ ವಾಪಸ್ ಸೇರಿಸಪ್ಪ. ಇನ್ಮೇಲೆ ಇವಳನ್ನ ಕೇಳದೆ ಇಲ್ಲಿ ಯಾರೂ ಒಂದು ಮಾತೂ ಆಡಬಾರದು!"

"ಆಯ್ತು ಯಜಮಾನ್ರೇ!"

ಮಾರನೇ ದಿನ ಸಾವಂತ್ರಮ್ಮನ ಫೋನಿಗೆ ಆಪ್ ಕೇಳಿತು: "ಯಜಮಾನರು ನಿಮಗೆ ಕೈ ಮುಗೀತಾರಂತೆ. ಹೂಂ ಅನ್ಲಾ, ಬೇಡ ಅನ್ಲಾ?" "ಅಯ್ಯೋ ಶಿವನೇ, ಅಷ್ಟು ದೊಡ್ಡೋರು ನಂಗ್ಯಾಕೆ!" ಅಂತ ಅವಳು ನಾಚಿ "ಬೇಡ" ಒತ್ತಿದಳು. ಬೇಡ ಅಂದವಳ ಎಲೆ ಎತ್ತಿತು ಆಪ್! ಅವಳನ್ನ ಕೇಳದೆ ಮಾತಿಲ್ಲ, ಕೇಳೋಣ ಅಂದ್ರೆ ಅವಳಿಲ್ಲ. ಇಡೀ ಆಪ್ ಮೂಕಾಯಿತು.

ಇನ್ನೇನು ಮಾಡ್ತಾರೆ? ಯಜಮಾನರು ತಂಡ ಕಟ್ಟಿಕೊಂಡು ಅವಳ ಮನೆಗೇ ಬಂದರು. ಹೊಸ ಸೀರೆ ಉಡಿಸಿ, ಎಲೆ ಹಾಕಿ ಕೂರಿಸಿದರು. ಇಪ್ಪತ್ತು ವರ್ಷ ಊರಿಗೆಲ್ಲ ಬಡಿಸಿದವಳಿಗೆ ಆವತ್ತು ಯಜಮಾನರೇ ಬಗ್ಗಿ ಪಾಯಸ ಬಡಿಸಿದರು.

ಸಾವಂತ್ರಮ್ಮ ಎಲೆಗೆ ಅಡ್ಡ ಕೈ ಹಿಡಿದಳು. "ಅಯ್ಯೋ, ಬೇಡ ಯಜಮಾನ್ರೇ, ಬೇಡ..."

ಚೆಲ್ವ ಓಡಿ ಬಂದು ಸರಕ್ಕಂತ ಎಲೆ ಎತ್ತಿದ! ಪಾಯಸವೆಲ್ಲ ತಾಯಿ ಮಡಿಲಿಗೆ!

"ಏನ್ಲಾ ಮಾಡ್ದೆ ಮುಂಡೇದೇ!" ಅಂತ ಕೈ ಎತ್ತಿದವಳು ಹೊಡೆಯಲಾಗದೆ ನಕ್ಕುಬಿಟ್ಟಳು.

"ಹೋಗ್ಲಿ ಬಿಡವ್ವ," ಅಂದರು ಯಜಮಾನರು, "ತವರಿನೋರ ಹಂಗೆ ನಿನ್ನ ಮಡಿಲು ತುಂಬಿದ್ವಿ."

ಚೆಲ್ವ ತೊಟ್ಟಿಕ್ಕೋ ಎಲೆ ಹಿಡಿದು ನಿಂತೇ ಇದ್ದ. "ಅಮ್ಮಾ, ಬೇಡ ಅಂದಿದ್ದು ನೀನೇ ತಾನೇ?"