ತುಂಬಿದ ಹಾಸಿಗೆಗಳು

“ಗುರುಗಳೇ, ದೊಡ್ಡ ವಿದ್ಯಾಶಾಲೆಗಳನ್ನು ಪ್ರತಿ ವರ್ಷವೂ ಪರೀಕ್ಷಿಸುತ್ತಾರೆ, ಒಳ್ಳೆಯ ಶಾಲೆಯೆಂದು ಮುದ್ರೆ ಒತ್ತುತ್ತಾರೆ. ಆದರೂ ಅಲ್ಲಿ ಓದಿದವರಿಗೆ ವಿದ್ಯೆ ಬಂದಿರುವುದಿಲ್ಲ. ತಪ್ಪು ಪರೀಕ್ಷಿಸುವವರದೇ?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದು ರಾಜ್ಯದಲ್ಲಿ ವೈದ್ಯವಿದ್ಯೆ ಕಲಿಸುವ ಶಾಲೆಯೊಂದಿತ್ತು. ರೋಗಿಗಳಿಲ್ಲದ ಕಡೆ ವೈದ್ಯ ತಯಾರಾಗುವುದಿಲ್ಲ. ಆದ್ದರಿಂದ ಹಾಸಿಗೆಗಳೆಲ್ಲ ತುಂಬಿರುವ ಶಾಲೆಗೆ ಮಾತ್ರ ಮುದ್ರೆ ಎಂದು ಅರಸ ನಿಯಮ ಮಾಡಿದ್ದ. ನಿಯಮ ಸರಿಯಾಗಿಯೇ ಇತ್ತು. ಪರೀಕ್ಷಕ ಬರುವ ದಿನವನ್ನು ಮೊದಲೇ ಡಂಗುರ ಹೊಡೆದು ಸಾರುತ್ತಿದ್ದರು.

ಆ ಶಾಲೆಯ ಹಾಸಿಗೆಗಳು ಉಳಿದ ದಿನಗಳಲ್ಲಿ ಖಾಲಿ. ಪರೀಕ್ಷಕ ಬರುವ ದಿನ ಮುಖ್ಯಸ್ಥ ಊರವರನ್ನು ಕರೆಸಿ ಮಲಗಿಸುತ್ತಿದ್ದ. ಮಲಗಿದವರಿಗೆ ಹೋಳಿಗೆ ಊಟ.

ಅಂಥದೊಂದು ದಿನ ನೇಕಾರನೊಬ್ಬ ಜ್ವರದಿಂದ ಸುಡುತ್ತಿದ್ದ ಹೆಂಡತಿಯನ್ನು ಹೊತ್ತು ತಂದ. ಮುಖ್ಯಸ್ಥ ಬಾಗಿಲಲ್ಲೇ ತಡೆದ.

“ಇವತ್ತು ಹಾಸಿಗೆ ಇಲ್ಲಪ್ಪ. ಪರೀಕ್ಷಕರು ಬಂದು ಹೋಗಲಿ.”

“ಸ್ವಾಮಿ, ಅಲ್ಲಿ ಮಲಗಿರುವವನು ನಮ್ಮ ಓಣಿಯ ಕುಂಬಾರ. ಬೆಳಿಗ್ಗೆ ಮಣ್ಣು ತುಳಿಯುತ್ತಿದ್ದ. ಅವನನ್ನು ಎಬ್ಬಿಸಿ.”

ಕುಂಬಾರ ಮಲಗಿದಲ್ಲಿಂದಲೇ, “ನಾನು ಏಳುತ್ತೇನೆ. ತಲೆಗೆ ಕಟ್ಟಿದ ಈ ಬಟ್ಟೆಪಟ್ಟಿ ಬಿಗಿದು ನಿಜವಾಗಿಯೂ ತಲೆನೋವು ಬಂದಿದೆ” ಎಂದ.

ಮುಖ್ಯಸ್ಥ ಅವನನ್ನು ಗದರಿ ಮಲಗಿಸಿದ. ನೇಕಾರನಿಗೆ ಮೆಲ್ಲಗೆ ಹೇಳಿದ: “ಅವನು ಸಾಯುವುದಿಲ್ಲ. ನಿನ್ನ ಹೆಂಡತಿ ಪರೀಕ್ಷಕರ ಎದುರು ಸತ್ತರೆ ಶಾಲೆ ಉಳಿಯುವುದಿಲ್ಲ.”

ನೇಕಾರ ಹೆಂಡತಿಯನ್ನು ಗೋಡೆಯ ನೆರಳಲ್ಲಿ ಮಲಗಿಸಿ ಕಾದ. ಪರೀಕ್ಷಕ ಅವರ ಮುಂದೆಯೇ ಒಳಗೆ ಹೋದ, ಹಾಸಿಗೆಗಳನ್ನು ನೋಡಿದ, ಮುದ್ರೆ ಒತ್ತಿ ಅವರ ಮುಂದೆಯೇ ಹೊರಟುಹೋದ. ನೇಕಾರ ಎದ್ದು ನಿಂತ. ಏನೂ ಹೇಳಲಿಲ್ಲ.

ಆಮೇಲೆ ಅವಳನ್ನು ಒಳಗೆ ತಂದರು. ಕುಂಬಾರ ಎದ್ದುಹೋದ ಹಾಸಿಗೆ ಇನ್ನೂ ಬೆಚ್ಚಗಿತ್ತು. ವಿದ್ಯಾರ್ಥಿಗಳು ಸುತ್ತ ನಿಂತರು. ಅದು ಅವರ ಕಲಿಕೆಯ ಕೊನೆಯ ವರ್ಷ. ಜ್ವರ ಬಂದ ಮೈಯನ್ನು ಅವರಲ್ಲಿ ಯಾರೂ ಅದುವರೆಗೆ ಮುಟ್ಟಿರಲಿಲ್ಲ. ಒಬ್ಬ ನಾಡಿ ಹಿಡಿದ. ಮುಂದೇನು ಮಾಡಬೇಕೆಂದು ತಿಳಿಯದೆ ಮುಖ್ಯಸ್ಥನ ಮುಖ ನೋಡಿದ. ಮುಖ್ಯಸ್ಥ ಅವನ ಮುಖ ನೋಡಿದ. ಸಂಜೆಯ ಹೊತ್ತಿಗೆ ಅವಳು ತೀರಿಕೊಂಡಳು.

ಶಿಷ್ಯ ಕೇಳಿದ: “ಪರೀಕ್ಷಕ ಎದುರಿಗೇ ಹಾದುಹೋದನಲ್ಲ. ನೇಕಾರ ಅವನಿಗೆ ನಿಜ ಹೇಳಬಾರದಿತ್ತೇ?”

ಗುರು ಹೇಳಿದರು: “ಹಿಂದಿನ ವರ್ಷ ಹೋಳಿಗೆಗಾಗಿ ಅಲ್ಲಿ ಮಲಗಿ, ಅದೇ ಪರೀಕ್ಷಕನಿಗೆ ‘ಇಲ್ಲಿ ನನಗೆ ಗುಣವಾಯಿತು’ ಎಂದವನು ಆ ನೇಕಾರನೇ.”